ಮಿಥ್ರಾಸನ ಗುಹೆಗೆ ಇನ್ನೊಮ್ಮೆ ಇಳಿಯಿರಿ

ನಮಸ್ಕಾರ.

ನಿಮ್ಮ ಕಥೆ ಓದಿದೆ. ರೋಮನ್ ಸೈನಿಕನೊಬ್ಬ ಮಿಥ್ರಾಸ್ ದೇವರ ಗುಟ್ಟಿನ ಪಂಥ ಸೇರುತ್ತಾನೆ. ಪೂಜಾರಿಣಿಯೊಬ್ಬಳು ಸಾವಿರ ಭಕ್ತರೆದುರು ಅವನನ್ನು ಗುಂಡಿಗೆ ಇಳಿಸಿ, ಮೇಲೆ ಹೋರಿ ಕಡಿಸಿ, ರಕ್ತದಲ್ಲಿ ಮೀಯಿಸುತ್ತಾಳೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಸೈನಿಕರು ಮಾತಾಡಿಕೊಳ್ಳುವ ಭಾಗಗಳಲ್ಲಿ ಜೀವ ಇದೆ.

ಮೊದಲು ಆ ರಕ್ತಸ್ನಾನ. ಅದು ಮಿಥ್ರಾಸನದ್ದಲ್ಲ. ಕ್ರಿ.ಶ. 400ರ ಸುಮಾರಿಗೆ ಪ್ರುಡೆಂಟಿಯಸ್ ಎಂಬ ಕ್ರೈಸ್ತ ಕವಿ ಕೊಟ್ಟ ವರ್ಣನೆ ಅದು. ಸಾಮಾನ್ಯವಾಗಿ ಅದನ್ನು ಮಹಾಮಾತೆ ಸಿಬೆಲೆಯ ಪೂಜೆಗೆ ಸೇರಿಸುತ್ತಾರೆ. ಹಳೆಯ ಧರ್ಮವನ್ನು ಹೀಗಳೆಯಲು ಬರೆದ ಸಾಲುಗಳು; ಹಾಗೇ ನಡೆಯುತ್ತಿತ್ತೇ ಎಂದು ವಿದ್ವಾಂಸರಿಗೂ ಅನುಮಾನ ಇದೆ. ಮಿಥ್ರಾಸ್ ಹೋರಿ ಕೊಲ್ಲುವ ಶಿಲ್ಪ ಅವನ ಗುಡಿಗಳಲ್ಲಿ ಎದ್ದು ಕಾಣುತ್ತದೆ, ನಿಜ. ನಾಯಿ, ಹಾವು, ಚೇಳು, ಕಾಗೆ ಎಲ್ಲ ಅದರಲ್ಲಿವೆ. ಆದರೆ ಅದು ದೇವರ ಕಥೆ. ಭಕ್ತರೂ ಅಲ್ಲೇ ಹೋರಿ ಕಡಿಯುತ್ತಿದ್ದರು ಎನ್ನಲು ಆಗುವುದಿಲ್ಲ.

ಆ ಗುಡಿಯ ಕೋಣೆಯನ್ನು ನೀವು ಮನಸ್ಸಿನಲ್ಲಿ ಕಟ್ಟಿಕೊಂಡಿಲ್ಲ. ಕಥೆ ಸೋತಿರುವುದು ಅಲ್ಲೇ. ಗುಹೆಯ ಹಾಗೆ ಕಟ್ಟಿದ ಕತ್ತಲೆಯ, ಉದ್ದನೆಯ ಕೋಣೆ. ನಡುವೆ ಕಿರಿದಾದ ದಾರಿ, ಎರಡೂ ಬದಿಗೆ ಒರಗಿಕೊಂಡು ಉಣ್ಣುವ ಜಗಲಿ. ಸಾವಿರ ಜನ ಎಲ್ಲಿ ಹಿಡಿಸುತ್ತಾರೆ? ಸಾಮಾನ್ಯವಾಗಿ ಇಪ್ಪತ್ತೋ ನಲವತ್ತೋ ಜನ, ಅದೂ ಬರೀ ಗಂಡಸರು. ಸೈನಿಕರು, ಸುಂಕ ವಸೂಲಿಯವರು, ಗುಲಾಮರು, ಬಿಡುಗಡೆಯಾದ ಗುಲಾಮರು. ಪಂಥದೊಳಗೆ ‘ಕಾಗೆ’ ಎಂಬ ಮೊದಲನೆಯದರಿಂದ ‘ತಂದೆ’ ಎಂಬ ಕೊನೆಯದರವರೆಗೆ ಏಳು ಮೆಟ್ಟಿಲು. ರೋಮ್ ಬಳಿಯ ಬಂದರು ಓಸ್ಟಿಯಾದ ಒಂದು ಗುಡಿಯ ನೆಲದಲ್ಲಿ ಏಳಕ್ಕೂ ಬೇರೆ ಬೇರೆ ಗುರುತು ಹಾಸಿದ್ದಾರೆ. ಹೊರಗೆ ಗುಲಾಮನಾದವನು ಒಳಗೆ ನಿಮ್ಮ ಸೈನಿಕನಿಗಿಂತ ಮೇಲಿನ ಮೆಟ್ಟಿಲಲ್ಲಿ ಕೂತಿದ್ದರೆ? ರಕ್ತಕ್ಕಿಂತ ಜಾಸ್ತಿ ಕಾವು ಆ ನೋಟದಲ್ಲಿದೆ ಅಲ್ವಾ?

ದೀಕ್ಷೆಯ ದೃಶ್ಯಕ್ಕೆ ಇಟಲಿಯ ಕಾಪುವಾ ಊರಿನ ಗುಡಿಯ ಚಿತ್ರಗಳನ್ನು ನೋಡಿ. ಜಗಲಿಗಳ ಬದಿಗೆ ಬರೆದಿದ್ದಾರೆ, ತುಂಬಾ ಮಾಸಿವೆ. ಹೊಸಬ ಬೆತ್ತಲೆ. ಕಣ್ಣಿಗೆ ಬಟ್ಟೆ. ಬಿಳಿ ಅಂಗಿಯವನೊಬ್ಬ ಹಿಂದಿನಿಂದ ಅವನನ್ನು ನಡೆಸುತ್ತಾನೆ. ಇನ್ನೊಂದರಲ್ಲಿ ಅವನು ಮೊಣಕಾಲೂರಿದ್ದಾನೆ. ಆ ಭಯವನ್ನು ಬರೆಯಿರಿ. ಕಣ್ಣು ಕಟ್ಟಿದವನಿಗೆ ಏನು ಕೇಳಿಸುತ್ತದೆ, ಯಾವ ವಾಸನೆ ಬರುತ್ತದೆ, ಕಾಲಿಗೆ ಏನು ತಗಲುತ್ತದೆ? ಸಿಂಹ ಎಂಬ ಮೆಟ್ಟಿಲಿನವರ ಕೈಗೆ ನೀರಿನ ಬದಲು ಜೇನು ಸುರಿಯುತ್ತಿದ್ದರು ಎಂದು ಪಾರ್ಫಿರಿ ಎಂಬ ಹಳೆಯ ಕಾಲದ ತತ್ವಜ್ಞಾನಿ ಬರೆದಿದ್ದಾನೆ. ಮುಂದೊಂದು ದಿನ ನಿಮ್ಮ ಸೈನಿಕ ಆ ಮೆಟ್ಟಿಲು ಮುಟ್ಟಲಿ.

ಊಟವನ್ನಂತೂ ಬಿಡಲೇಬೇಡಿ. ಬೆಲ್ಜಿಯಂನ ಟೀನೆನ್‌ನಲ್ಲಿ ಇಂಥ ಗುಡಿಯ ಬಳಿಯ ಗುಂಡಿಗಳಲ್ಲಿ ಒಂದು ದೊಡ್ಡ ಔತಣದ ಉಳಿಕೆ ಸಿಕ್ಕಿದೆ. ನೂರಾರು ಕೋಳಿಗಳ ಮೂಳೆ, ಜೊತೆಗೆ ಕುರಿಮರಿ, ಹಂದಿಮರಿ, ಒಡೆದ ಪಾತ್ರೆಗಳು. ಮರಿಗಳ ವಯಸ್ಸು ನೋಡಿ, ಜೂನ್ ಕೊನೆಗೋ ಜುಲೈ ಶುರುವಿಗೋ ನಡೆದಿರಬೇಕು ಎಂದು ಲೆಕ್ಕ ಹಾಕಿದ್ದಾರೆ. ಅಷ್ಟು ಊಟ ಅಂದರೆ ಅಲ್ಲಿ ನಗು, ಜಗಳ, ಕುಡಿತ ಎಲ್ಲ ಇದ್ದಿರಬೇಕು. ನಿಮ್ಮ ಕಥೆಯಲ್ಲಿ ಒಬ್ಬನೂ ಒಂದು ತುತ್ತು ತಿನ್ನುವುದಿಲ್ಲ.

ಎರಡು ಕಡೆ ಕತ್ತರಿ ಹಾಕಿ. ಪೂಜಾರಿಣಿ ಇಡೀ ತತ್ವವನ್ನು ವಿವರಿಸುವ ಭಾಷಣ ಬೇಡ. ಈ ಪಂಥದವರ ಧರ್ಮಗ್ರಂಥ ಒಂದೂ ಉಳಿದಿಲ್ಲ. ಸುಮ್ನೆ ಅವರ ಬಾಯಿಗೆ ಉಪದೇಶ ತುರುಕಬೇಡಿ. ಇದೆಲ್ಲ ವೇದದ ಮಿತ್ರ ಎಂಬ ದೇವತೆಯಿಂದ ನೇರವಾಗಿ ಹೋದದ್ದು ಎನ್ನುವ ಕೊನೆಯ ಪುಟವೂ ಬೇಡ. ಹೆಸರುಗಳ ನಂಟು ನಿಜ. ಆದರೆ ಪರ್ಷಿಯಾದಿಂದ ರೋಮ್‌ಗೆ ಬಂದದ್ದೆಷ್ಟು, ರೋಮ್‌ನಲ್ಲೇ ಹುಟ್ಟಿದ್ದೆಷ್ಟು ಎಂಬ ವಾದವೇ ಇನ್ನೂ ಮುಗಿದಿಲ್ಲ.

ತಿದ್ದಿ ಕಳಿಸಿ. ಈ ಸಲ ಕಣ್ಣಿಗೆ ಬಟ್ಟೆ ಕಟ್ಟುವಲ್ಲಿಂದಲೇ ಶುರು ಮಾಡಿ.