ನುಡಿಯ ಫೈಲು, ನಿಧಾನದ ಲ್ಯಾಪ್‌ಟಾಪ್, ಸುಳ್ಳು ಹೇಳುವ ಪೆನ್‌ಡ್ರೈವ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಸಂಘದ ಹತ್ತು ವರ್ಷದ ವರದಿಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ವಾಟ್ಸ್‌ಆ್ಯಪ್‌ಗೋ ಜಿಮೇಲಿಗೋ ಕಾಪಿ ಮಾಡಿದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಕಥೆ. ಫೈಲು ಕೆಟ್ಟಿದೆಯೇ? ಮತ್ತೆ ಟೈಪ್ ಮಾಡಿಸಬೇಕೇ?
— ಸಂಘದ ಕಾರ್ಯದರ್ಶಿ, ಸಾಗರ

ಉತ್ತರ: ಕೆಟ್ಟಿಲ್ಲ. ಟೈಪಿಂಗಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಫೈಲಿನೊಳಗೆ ಮೊದಲಿನಿಂದಲೂ ಇದ್ದದ್ದು ಇಂಗ್ಲಿಷ್ ಅಕ್ಷರಗಳೇ. ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ‘ಕನ್ನಡ’ ಎಂಬ ಪದವನ್ನೇ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂದರೆ ಒಂದು ದೊಡ್ಡ ಪಿ, ಅದರ ಪಕ್ಕ ತಲೆಕಟ್ಟಿಗಾಗಿ ನೆತ್ತಿಯ ಮೇಲೆ ಓರೆಗೆರೆಯಿರುವ ಎ. ‘ನ’ಕ್ಕೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ. ಒತ್ತಿಗೆ ಜರ್ಮನ್ ಲಿಪಿಯ ಜೋಡಿ ಎಸ್. ‘ಡ’ಕ್ಕೆ ಸಣ್ಣ ಕ್ಯೂ, ಮತ್ತೊಮ್ಮೆ ಎ. ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ, ಅಷ್ಟೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಈಗಿನ ಪದ್ಧತಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ‘ಕ’ ಯಾವ ಕಂಪ್ಯೂಟರಿಗೆ ಹೋದರೂ ‘ಕ’ವೇ.

ಆದ್ದರಿಂದ ಆಗಬೇಕಾದ್ದು ಪರಿವರ್ತನೆ. ನುಡಿ, ಅದರಂಥದ್ದೇ ಇನ್ನೊಂದು ತಂತ್ರಾಂಶವಾದ ಬರಹ, ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಮೂಲ ಫೈಲನ್ನು ಬೇರೆ ಫೋಲ್ಡರಿಗೆ ನಕಲು ಮಾಡಿಟ್ಟು, ಮೊದಲು ಒಂದೇ ಪುಟ ಪರಿವರ್ತಿಸಿ ನೋಡಿ. ಆಮೇಲೆ ಆ ಪಠ್ಯಕ್ಕೆ ನಿರ್ಮಲಾ ಅಥವಾ ತುಂಗಾದಂಥ ಯೂನಿಕೋಡ್ ಫಾಂಟು ಕೊಡಿ.

ತಪ್ಪುವ ಜಾಗಗಳು ಗೊತ್ತಿದ್ದರೆ ಕರಡು ತಿದ್ದುವುದು ಸುಲಭ. ಮೊದಲನೆಯದು ‘ಕರ್ನಾಟಕ’ದಂಥ ಪದದಲ್ಲಿ ಬರುವ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆಯೇ ‘ನಾ’ ಆದಮೇಲೆ ಕೂರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರದಂತೆ ‘ರ್’ ಮೊದಲು, ‘ನಾ’ ಆಮೇಲೆ. ಕಳಪೆ ಪರಿವರ್ತಕ ಈ ಸ್ಥಾನಪಲ್ಲಟ ಮಾಡದೆ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡಿಬಿಡುತ್ತದೆ. ಕೆಲವು ಟೈಪಿಸ್ಟರು ಅರ್ಕಾವತ್ತಿನ ಬದಲು ಕನ್ನಡ ಅಂಕಿ ೯ ಒತ್ತಿರುತ್ತಾರೆ. ಕಾಗದದ ಮೇಲೆ ಎರಡೂ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಅದು ಒಂಬತ್ತೇ. ವರ್ಡ್‌ನಲ್ಲಿ ೯ ಹುಡುಕಿ ಒಂದೊಂದಾಗಿ ತಿದ್ದಿ. ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೋದರೆ ಇಸವಿಗಳೂ ಹಾಳಾಗುತ್ತವೆ.

ಎರಡನೆಯದು ನಡುನಡುವೆ ಬರುವ ಇಂಗ್ಲಿಷ್ ಪದಗಳು. ಬರೀ ಪಠ್ಯವನ್ನು ನೋಡುವ ಪರಿವರ್ತಕಕ್ಕೆ ಯಾವುದು ವೇಷದ ಇಂಗ್ಲಿಷು, ಯಾವುದು ನಿಜವಾದ ಇಂಗ್ಲಿಷು ಎಂದು ತಿಳಿಯುವುದಿಲ್ಲ. ಹೆಸರು, ವಿಳಾಸ, ಇಮೇಲ್ ಎಲ್ಲ ಕಲಸುಮೇಲೋಗರವಾಗುತ್ತವೆ. ಅವನ್ನು ಮೂಲ ಫೈಲಿನಿಂದ ನೋಡಿ ಮತ್ತೆ ಬರೆಯಬೇಕು. ಮೂರನೆಯದು ‘ಸಾಫ್ಟ್‌ವೇರ್’ನಂಥ ಪದ. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಬೇಕು, ಇಲ್ಲದಿದ್ದರೆ ವಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ.

ಹಳೆಯ ಫೈಲುಗಳನ್ನು ಮಾತ್ರ ಅಳಿಸಬೇಡಿ. ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬಾರದು. ಅದನ್ನೇ ನಂಬಿಕೊಂಡ ಮುದ್ರಣಾಲಯ ‘ನುಡಿ ಫೈಲೇ ಕೊಡಿ’ ಎಂದರೆ ಅಚ್ಚರಿಪಡಬೇಕಿಲ್ಲ.

ಪ್ರಶ್ನೆ: 1 ಟಿಬಿ ಹಾರ್ಡ್‌ಡಿಸ್ಕ್ ಕೊಂಡೆ. ಕಂಪ್ಯೂಟರ್ 931 ಜಿಬಿ ಎನ್ನುತ್ತದೆ. ಮೋಸವೇ?
— ವಿದ್ಯಾರ್ಥಿ, ತುಮಕೂರು

ಉತ್ತರ: ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಲಕ್ಷ ಕೋಟಿ ಬೈಟ್‌ಗಳನ್ನು 1024ರಿಂದ ಮೂರು ಸಲ ಭಾಗಿಸಿ, 931 ಬರುತ್ತದೆ.

ಪ್ರಶ್ನೆ: 2017ರ ಲ್ಯಾಪ್‌ಟಾಪ್: ಆರನೇ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ. ಅಂಗಡಿಯವರು ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ನಿಮ್ಮ ಸಲಹೆ?
— ಶಿಕ್ಷಕಿ, ಹೊನ್ನಾವರ

ಉತ್ತರ: ದುಡ್ಡು ಬಿಚ್ಚುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಹತ್ತು ಹದಿನೈದು ಪರ್ಸೆಂಟಿನಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಕಳ್ಳ ಸಿಕ್ಕಿದ ಹಾಗೆ: ತಿರುಗುವ ಹಾರ್ಡ್‌ಡಿಸ್ಕ್. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಅಲ್ಲಿಂದೊಂದು ಇಲ್ಲಿಂದೊಂದು ಎಂದು ಓದುತ್ತದೆ. ಪ್ರತಿ ಸಲವೂ ಡಿಸ್ಕಿನ ಮುಳ್ಳು ಜಾಗ ಬದಲಿಸಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಅದರ ಬದಲು ಹಾಕುವ, ಚಿಪ್ಪುಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ.

ಹಾಕಬೇಕಾದ್ದು 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ. ನಿಮ್ಮ ಕೆಲಸಕ್ಕೆ 256 ಅಥವಾ 512 ಜಿಬಿ ಧಾರಾಳ. ರ‍್ಯಾಮನ್ನು 8 ಜಿಬಿಗೆ ಏರಿಸಿ. ಆದರೆ ಕೊಳ್ಳುವ ಮುನ್ನ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಖಾಲಿಯಿದೆ ನೋಡಿ. ಈಗಿರುವ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿಯನ್ನೂ ಓದಿ. ಆ ಪೀಳಿಗೆಯ ಯಂತ್ರಗಳಲ್ಲಿ ಕೆಲವಕ್ಕೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದೇ ಇಲ್ಲ.

ಮೊದಲು ನಿಮ್ಮ ಫೈಲುಗಳ ಬ್ಯಾಕಪ್. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಡಿಸ್ಕಿನ ನಾಡಿ ನೋಡಿ. ಹಳದಿ ಬಣ್ಣದ ಎಚ್ಚರಿಕೆ ಬಂದರೆ ಕ್ಲೋನ್, ಅಂದರೆ ಇಡೀ ಡಿಸ್ಕನ್ನು ಇದ್ದಹಾಗೆಯೇ ಹೊಸದಕ್ಕೆ ನಕಲು, ಮಾಡುವ ಗೋಜಿಗೆ ಹೋಗಬೇಡಿ, ಸಾಯುತ್ತಿರುವ ಡಿಸ್ಕನ್ನು ಅಂಚಿನಿಂದ ಅಂಚಿಗೆ ಓದಿಸುವುದೇ ಅದಕ್ಕೆ ಕೊನೆಯ ಪೆಟ್ಟಾದೀತು. 8 ಜಿಬಿ ಪೆನ್‌ಡ್ರೈವಿನಿಂದ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಲೈಸೆನ್ಸ್‌ಗೆ ಮತ್ತೆ ಹಣ ಕೊಡಬೇಕಿಲ್ಲ. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದೇ ಹೋಮ್ ಅಥವಾ ಪ್ರೊ ಆವೃತ್ತಿ ಹಾಕಿದರೆ ಇಂಟರ್‌ನೆಟ್ ಸಿಕ್ಕಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಬಿಚ್ಚುವವರು ನೀವೇ ಆದರೆ, ಒಳಗೆ ಕೈಯಿಟ್ಟೊಡನೆ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಸ್ಕ್ರೂಗಳನ್ನು ರಟ್ಟಿನ ಮೇಲೆ ಅವವೇ ಜಾಗದಲ್ಲಿ ಚುಚ್ಚಿಡಿ. ಗಿಡ್ಡ ಸ್ಕ್ರೂ ಇದ್ದ ಕಡೆ ಉದ್ದದ್ದು ತಿರುಗಿಸಿದರೆ ಅದು ಮೇಲಿನ ಕೈಮಣೆಯವರೆಗೂ ತೂರಿ ಬರುತ್ತದೆ. ತೆಗೆದ ಹಾರ್ಡ್‌ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಬಳಸಿ.

ಒಂದು ಕೊಕ್ಕೆ ಉಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್‌ನ ಪಟ್ಟಿಯಂತೆ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಐ3 ಬೇಕು, ನಿಮ್ಮದು ಆರನೆಯದು. ಟೈಪಿಂಗು, ಇಂಟರ್‌ನೆಟ್ಟು, ಆನ್‌ಲೈನ್ ತರಗತಿ ಇಷ್ಟಕ್ಕೇ ಬಳಸುವುದಾದರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ಎಸ್‌ಎಸ್‌ಡಿ ಮೇಲೆ ಚುರುಕಾಗಿರುತ್ತದೆ, ಕನ್ನಡ ಟೈಪಿಂಗೂ ಬರುತ್ತದೆ. ಟ್ಯಾಲಿಯೋ ವಿಂಡೋಸ್‌ಗೆಂದೇ ಮಾಡಿದ ಬೇರೆ ತಂತ್ರಾಂಶವೋ ಬೇಕೇಬೇಕೆಂದಾದರೆ ಮಾತ್ರ ಅಂಗಡಿಯವರ ಮಾತಿನಲ್ಲಿ ಹುರುಳಿದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ 2 ಟಿಬಿ ಪೆನ್‌ಡ್ರೈವಿಗೆ ಮದುವೆಯ ವಿಡಿಯೋ ಹಾಕಿದ್ದೆವು. ಫೈಲುಗಳ ಹೆಸರು ಕಾಣುತ್ತದೆ, ತೆರೆಯುವುದಿಲ್ಲ.
— ಓದುಗರು, ಬೆಳಗಾವಿ

ಉತ್ತರ: ಅದರೊಳಗೆ ನಿಜಕ್ಕೂ ಇರುವುದು 16 ಅಥವಾ 32 ಜಿಬಿಯ ಚಿಪ್ಪು ಇರಬಹುದು. ಕೇಳಿದವರಿಗೆಲ್ಲ 2 ಟಿಬಿ ಎಂದು ಹೇಳುವಂತೆ ಒಳಗಿನ ಕಂಟ್ರೋಲರನ್ನು ತಿದ್ದಿರುತ್ತಾರೆ. ಜಾಗ ತುಂಬಿದ ಮೇಲೆ ಬಂದ ಡೇಟಾ ಮೊದಲಿನದರ ಮೇಲೆಯೇ ಬೀಳುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಹೆಸರುಗಳ ಪಟ್ಟಿ ಮಾತ್ರ ಡ್ರೈವಿನ ಆರಂಭದ ಭಾಗದಲ್ಲಿ ಭದ್ರವಾಗಿರುವುದರಿಂದ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ.

ಇನ್ನು ಅದಕ್ಕೆ ಏನನ್ನೂ ಬರೆಯಬೇಡಿ. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಉಳಿದಿರುವಷ್ಟನ್ನು ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಮೇಲೆ ಬರೆಸಿಕೊಂಡು ಹೋದದ್ದು ಯಾರಿಂದಲೂ ಬಾರದು. ವಿಡಿಯೋದವರ ಬಳಿ ಇನ್ನೊಂದು ಪ್ರತಿ ಇದೆಯೇ ಎಂದು ಇವತ್ತೇ ಕೇಳಿ.

ಮುಂದೆ ಹೊಸ ಡ್ರೈವ್ ಕೊಂಡಾಗ, ಖಾಲಿಯಿರುವಾಗಲೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಡ್ರೈವ್ ತುಂಬುವಷ್ಟು ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ ಡ್ರೈವಾದರೆ 32 ಜಿಬಿ ಬರೆಯಲಿಕ್ಕೇ ಸುಮಾರು 55 ನಿಮಿಷ ಹಿಡಿಯುತ್ತದೆ. ವಾಪಸು ಕೊಡುವ ಗಡುವು ಮುಗಿಯುವುದರೊಳಗೆ ಈ ಪರೀಕ್ಷೆ ಆಗಿರಲಿ.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟು ಹೋದಾಗ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಫ್ಯಾನು, ದೀಪಕ್ಕೆ ಏನೂ ಆಗದು.
— ಅಂಚೆ ನೌಕರರು, ಹಾಸನ

ಉತ್ತರ: ಇನ್ವರ್ಟರಿನ ಹಿಂಬದಿ ನೋಡಿ. ಯುಪಿಎಸ್ ಎಂದು ಒಂದು ಕಡೆ, ನಾರ್ಮಲ್ ಅಥವಾ ಇಕೊ ಎಂದು ಇನ್ನೊಂದು ಕಡೆ ಬರೆದ ಚಿಕ್ಕ ಸ್ವಿಚ್ ಇರುತ್ತದೆ. ನಿಮ್ಮದು ಈಗ ನಾರ್ಮಲ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು, ಅದನ್ನು ಯುಪಿಎಸ್‌ಗೆ ತಿರುಗಿಸಿ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಹಳೆಯದಾದಷ್ಟೂ ಇನ್ನೂ ಕಡಿಮೆ. ಯುಪಿಎಸ್ ಬದಿಯಲ್ಲಿ ಇನ್ವರ್ಟರ್ ಅಷ್ಟರೊಳಗೆ ಬ್ಯಾಟರಿಗೆ ಹೊರಳುತ್ತದೆ, ನಾರ್ಮಲ್‌ನಲ್ಲಿ ಅದರ ಎರಡು ಮೂರು ಪಟ್ಟು ಹೊತ್ತು ಹಿಡಿಯಬಹುದು. ತಿರುಗುವ ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗೆಂದು ಎಲ್ಲರೂ ಯುಪಿಎಸ್‌ಗೆ ತಿರುಗಿಸಿಬಿಡಬೇಡಿ. ಆ ಬದಿಯಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗೆ ಇಳಿದರೂ ಕರೆಂಟು ಹೋಯಿತೆಂದೇ ಲೆಕ್ಕ. ಸಂಜೆ ಪಂಪ್‌ಸೆಟ್ ಓಡುವಾಗ ದೀಪ ಮಂಕಾಗುವ ಊರುಗಳಲ್ಲಿ ಬ್ಯಾಟರಿ ಗಂಟೆಗಟ್ಟಲೆ ಸುಮ್ಮನೆ ಖರ್ಚಾಗಿ, ನಿಜವಾಗಿ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಅಂಥ ಕಡೆ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಮಾತ್ರ ಪ್ರತ್ಯೇಕ ಪುಟ್ಟ ಯುಪಿಎಸ್ ಕೊಡಿ. ಲೇಸರ್ ಪ್ರಿಂಟರನ್ನು ಎರಡಕ್ಕೂ ಸಿಕ್ಕಿಸಬೇಡಿ. ಅದರೊಳಗಿನ ಹೀಟರ್ ಒಮ್ಮೆಗೇ ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟು ಎಳೆಯುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ. ಒತ್ತಿ ಕೂರಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: ಖಂಡಿತ ಬೇಡ. ಕೆಳಗಿನ ಬ್ಯಾಟರಿ ಒಳಗೆ ಅನಿಲ ಕಟ್ಟಿ ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಈಗಲೇ ಚಾರ್ಜರ್ ಕಿತ್ತು, ಶಟ್‌ಡೌನ್ ಮಾಡಿ, ಹಾಸಿಗೆ ಬಟ್ಟೆಗಳಿಂದ ದೂರ ಕಲ್ಲುನೆಲದ ಮೇಲಿಡಿ. ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿ ಬದಲಿಸಿ. ಹಳೆಯದನ್ನು ಅಲ್ಲೇ ಬಿಟ್ಟು ಬನ್ನಿ, ಮನೆಯ ಕಸದ ಬುಟ್ಟಿಗೆ ಅದು ಬೀಳಬಾರದು. ಹೊಸ ಬ್ಯಾಟರಿ ಕೂತ ಮೇಲೆ ಟಚ್‌ಪ್ಯಾಡ್ ಸಾಮಾನ್ಯವಾಗಿ ತಾನಾಗಿಯೇ ಸಮತಟ್ಟಾಗುತ್ತದೆ.