ಟೀಚರ್ ತುಂಬಬೇಕಾದ ಫಾರ್ಮನ್ನು ನಾನೇ ತುಂಬಿದ್ದೆ

ಏಳು ವರ್ಷದ ಮಗ ಕೂತಲ್ಲಿ ಕೂರೋದಿಲ್ಲ, ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ಸಮಸ್ಯೆ) ಇರಬಹುದಾ, ಶಾಲೆಗೆ ಗೊತ್ತಾಗದ ಹಾಗೆ ತೋರಿಸಬಹುದಾ, ಮಾತ್ರೆ ಇಲ್ಲದೆ ಆಗುತ್ತಾ ಅಂತ ಕೇಳಿದ್ದೀರಿ. ಆ 'ಶಾಲೆಗೆ ಗೊತ್ತಾಗದ ಹಾಗೆ' ಓದಿ ಎದೆ ಧಸಕ್ ಅಂದಿತು. ನಾನೂ ಅದನ್ನೇ ಮಾಡಿದವಳು.

ನಾವು ಬಾಗಲಕೋಟೆ ನವನಗರದವರು. ಮಗ ಆಗ ಎರಡನೇ ಕ್ಲಾಸು. ಎರಡು ತುತ್ತು ತಿಂದು ಎದ್ದು ಓಡುತ್ತಿದ್ದ. ವಾರಕ್ಕೆ ಮೂರು ರಬ್ಬರ್ ಕಳೆಯುತ್ತಿದ್ದ. ಅತ್ತೆ 'ಉಡಾಳ ಅದಾನ, ನಾಕ್ ಏಟ್ ಹಾಕು' ಅನ್ನುತ್ತಿದ್ದರು. ಹಾಕಿಯೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಸಿಹಿ ಬಿಡಿಸಿ ಅಂದರು ಅಂತ ಪಾಪ, ಅಮೀನಗಡದ ಕರದಂಟನ್ನೂ ಬಿಡಿಸಿದೆ. ಏನೂ ಆಗಲಿಲ್ಲ.

ಡಾಕ್ಟರು ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿದರು. ಆಮೇಲೆ ಮಗನ ನಡವಳಿಕೆ ಬಗ್ಗೆ ಪ್ರಶ್ನೆಗಳಿದ್ದ ಎರಡು ಫಾರ್ಮ್ ಕೊಟ್ಟರು. ಒಂದು ಮನೆಯವರಿಗೆ, ಒಂದು ಟೀಚರಿಗೆ. ಟೀಚರ್ ಕೈಗೆ ಹೋದರೆ ಸ್ಟಾಫ್ ರೂಮಿಗೆಲ್ಲ ಸುದ್ದಿ ಅಂತ ಹೆದರಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಎರಡನೆಯದನ್ನೂ ನಾನೇ ತುಂಬಿದೆ. ಬೇರೆ ಪೆನ್ನು, ಬೇರೆ ಅಕ್ಷರ. ಎಲ್ಲದಕ್ಕೂ 'ಎಂದೂ ಇಲ್ಲ', 'ಒಮ್ಮೊಮ್ಮೆ'.

ಇದು ಎಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ಎಡಿಎಚ್‌ಡಿಯನ್ನು ರಕ್ತ ಪರೀಕ್ಷೆ, ಸ್ಕ್ಯಾನಿನಿಂದ ಪತ್ತೆ ಮಾಡೋಕೆ ಆಗೋದಿಲ್ಲ. ಮಕ್ಕಳಲ್ಲಿ ಗಮನ ನಿಲ್ಲದಿರುವ 9 ಲಕ್ಷಣಗಳಲ್ಲಿ 6, ಇಲ್ಲವೇ ಚಡಪಡಿಕೆ, ದುಡುಕಿನ 9ರಲ್ಲಿ 6 ಇರಬೇಕು. 6 ತಿಂಗಳಾದರೂ ಇರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಮುಖ್ಯ ಅಂದರೆ, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ನನ್ನ ಫಾರ್ಮಿನಲ್ಲಿ ಮನೆಯೆಲ್ಲ ರಣರಂಗ, 'ಟೀಚರ್' ಫಾರ್ಮಿನಲ್ಲಿ ಹುಡುಗ ಬಂಗಾರ. ಡಾಕ್ಟರು ಅದನ್ನೇ ನಂಬಿದರು, ನಂಬದೆ ಏನು ಮಾಡುತ್ತಾರೆ? ಇದು ಮನೆಯ ಶಿಸ್ತಿನ ವಿಷಯ ಅಂತ ಹೇಳಿ ಕಳಿಸಿದರು. ನಾನು ಖುಷಿಯಾಗಿ ಬಂದೆ. ಒಂದೂವರೆ ವರ್ಷ ಹೋಯಿತು. ಅಷ್ಟರಲ್ಲಿ ಅವನು ಓದಿನಲ್ಲಿ ಹಿಂದೆ ಬಿದ್ದ. 'ನಾ ದಡ್ಡ' ಅನ್ನೋದೊಂದನ್ನು ಮಾತ್ರ ಚೆನ್ನಾಗಿ ಕಲಿತ.

ನಾಲ್ಕನೇ ಕ್ಲಾಸಿನಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಈ ಸಲ ಟೀಚರೇ ಬರೆದರು. ಫಾರ್ಮಿನ ಕೆಳಗೆ ಒಂದು ಸಾಲು ಸೇರಿಸಿದ್ದರು: 'ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಮುಗಿಯುವವರೆಗೆ ತಡೆಯುವುದಿಲ್ಲ.' ನನ್ನ ಮಗನನ್ನು ಅಷ್ಟು ಸರಿಯಾಗಿ ನಾನೂ ನೋಡಿರಲಿಲ್ಲ. ಅವರನ್ನೇ ಅಲ್ವಾ ನಾನು ದೂರ ಇಟ್ಟಿದ್ದು.

ಮಾತ್ರೆ ಬೇಕಾ ಬೇಡವಾ ಅನ್ನೋದು ಸದ್ಯಕ್ಕೆ ನಿಮ್ಮ ಪ್ರಶ್ನೆಯೇ ಅಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಏನಿದೆ ಅಂತ ಗೊತ್ತಾಗಲಿ. ಆರು ತುಂಬದ ಮಕ್ಕಳಾದರೆ ಮೊದಲು ತಂದೆತಾಯಿಗೇ ತರಬೇತಿ ಕೊಡುತ್ತಾರೆ. ನಮ್ಮವನಿಗೆ ಅದರ ಜೊತೆಗೆ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಶುರು ಮಾಡಿದರು. ಮಧ್ಯಾಹ್ನ ಹಸಿವು ಕಡಿಮೆ ಆಗುತ್ತೆ, ಅದು ನಿಜ. ಅದಕ್ಕೆ ಬೆಳಿಗ್ಗೆ ರೊಟ್ಟಿ ತಿನ್ನಿಸಿಯೇ ಮಾತ್ರೆ ಕೊಡುತ್ತೇನೆ, ರಾತ್ರಿ ಜಾಸ್ತಿ ಬಡಿಸುತ್ತೇನೆ. ತೂಕ, ಎತ್ತರ, ಬಿಪಿ ಅವರು ನೋಡುತ್ತಲೇ ಇರುತ್ತಾರೆ. ಟೀಚರ್ ಮುಂದಿನ ಬೆಂಚಿಗೆ ಕರೆದು, ನೋಟ್‌ಬುಕ್ ಹಂಚೋ ಕೆಲಸ ಕೊಟ್ಟಿದ್ದಾರೆ. ಎದ್ದು ಓಡಾಡೋಕೆ ಅವನಿಗೂ ಒಂದು ನೆಪ.

ನಾಳೆಯೇ ಟೀಚರ್ ಹತ್ತಿರ ಹೋಗಿ. ಅವರು ಫಾರ್ಮನ್ನು ಲಕೋಟೆಯಲ್ಲಿ ಅಂಟಿಸಿ ಕೊಡಲಿ. ದಾರಿಯಲ್ಲಿ ಬಿಚ್ಚಿ ನೋಡಬೇಡಿ.