‘ಸುಮ್ನೆ ಕುಂತೀನ್ರಿ’

ಕೊಪ್ಪಳದ ಈ ಅಕ್ಕ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಫೆಬ್ರುವರಿಯಲ್ಲಿ. ಗವಿಮಠದ ಅಜ್ಜನ ಜಾತ್ರೆಗೆ ಬಂದಿದ್ದ ನೆಂಟರೆಲ್ಲ ಅಷ್ಟೊತ್ತಿಗೆ ಊರಿಗೆ ಹೋಗಿದ್ದರು. ವಯಸ್ಸು 36. ಮಕ್ಕಳಿಗಾಗಿ ಕಥೆ ಬರೆಯುತ್ತಾರೆ, ಅದಕ್ಕೆ ಚಿತ್ರವನ್ನೂ ತಾವೇ ಬಿಡಿಸುತ್ತಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ, ಅಕ್ಕ ಅಂತಲೇ ಇರಲಿ.

ಬಂದವರೇ ಕುರ್ಚಿಯ ತುದಿಗೆ ಕುಳಿತರು. “ನನ್ನ ಮಗನ್ನ ಹೊಡದೆ ರೀ” ಅಂದರು. ಆಮೇಲೆ ಸುಮಾರು ಹೊತ್ತು ಮಾತಿಲ್ಲ, ಬರೀ ಅಳು.

ನಡೆದಿದ್ದು ಇಷ್ಟು. 24 ಪುಟದ ಒಂದು ಚಿತ್ರಪುಸ್ತಕ ಒಪ್ಪಿಕೊಂಡಿದ್ದರು. ಜನವರಿ ಕೊನೆಗೆ ಕೊಡಬೇಕಿತ್ತು. ಜಾತ್ರೆಯ ಗದ್ದಲದಲ್ಲಿ ಹದಿನೈದು ದಿನ ಕುಂಚ ಮುಟ್ಟಲು ಆಗಲಿಲ್ಲ. ನೆಂಟರು ಹೋದ ಮೇಲೆ ಮೂರು ರಾತ್ರಿ ಕುಳಿತು ಹನ್ನೊಂದನೇ ಪುಟ ಮುಗಿಸಿದರು. ತುಂಗಭದ್ರೆಯ ಹಿನ್ನೀರು, ಅದರಲ್ಲಿ ಮುಳುಗಿ ಕೂತ ಎಮ್ಮೆ, ಬೆನ್ನ ಮೇಲೊಂದು ಬೆಳ್ಳಕ್ಕಿ. ಒಣಗಲಿ ಅಂತ ಹಾಸಿಗೆಯ ಮೇಲಿಟ್ಟು ಚಹಾ ಮಾಡಲು ಹೋದರು. ಬರುವಷ್ಟರಲ್ಲಿ ಐದು ವರ್ಷದ ಮಗ ಹಸಿರು ಸ್ಕೆಚ್ ಪೆನ್ನಿನಿಂದ ಎಮ್ಮೆಗೆ ನಾಲ್ಕು ಗಾಲಿ ಹಾಕಿದ್ದ. ನೀರಿನೊಳಗೆ ಎಮ್ಮೆಯ ಕಾಲು ಕಾಣಲ್ಲ ಅಲ್ವಾ, ಅದಕ್ಕೇ.

ಬೆನ್ನಿಗೆ ಎರಡು ಏಟು ಬಿತ್ತು. ಅದೇ ರಾತ್ರಿ ಹುಡುಗನಿಗೆ ಜ್ವರ. ಜ್ವರಕ್ಕೂ ಏಟಿಗೂ ಸಂಬಂಧವಿಲ್ಲ, ಮನೆಯಲ್ಲಿ ಎಲ್ಲರಿಗೂ ನೆಗಡಿ ಇತ್ತು. ಆದರೆ ಅತ್ತೆ ಒಂದು ಮಾತು ಅಂದುಬಿಟ್ಟರು: “ಕಾಗದಕ್ಕಿಂತ ಕೂಸು ಕಡಿಮಿ ಆತೇನವಾ ನಿನಗ?” ಆವತ್ತಿನಿಂದ ಅಕ್ಕ ಬಣ್ಣದ ಡಬ್ಬಿ ತೆರೆದಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಎಲ್ಲರಿಗೂ ಕೇಳುವ ಒಂಬತ್ತು ಪ್ರಶ್ನೆಗಳನ್ನು ಕೇಳಿದೆ. ನಿದ್ದೆ, ಹಸಿವು, ಬೇಸರ, ಸುಸ್ತು ಇಂಥವು. ಒಟ್ಟು 27ಕ್ಕೆ ಲೆಕ್ಕ. ಇವರಿಗೆ 9 ಬಂತು. ಹತ್ತು ದಾಟಿದರೆ ನಾನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬರುತ್ತದಾ ಅನ್ನುವುದು. ಅದನ್ನು ಸುತ್ತಿ ಬಳಸಿ ಕೇಳಬಾರದು, ನೇರ ಕೇಳಬೇಕು. “ಇಲ್ರಿ, ಹಂಗೇನಿಲ್ಲ” ಅಂದರು. ಆದರೂ 14416 ನಂಬರ್ ಬರೆದುಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ‘ಟೈಮ್ ಸಾಲೂದಿಲ್ರಿ’ ಅಂತ ಅಕ್ಕ ಹೇಳಿದ ಕೂಡಲೇ ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿ. ಎದ್ದರು ಪಾಪ. ಎರಡು ವಾರ ಬಿಟ್ಟು ಬಂದಾಗ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಕಣ್ಣ ಕೆಳಗೆ ಕಪ್ಪು, ಉಗುರು ಬಿಳಿಚಿಕೊಂಡಿತ್ತು. ಆಗ ನನಗೆ ಬುದ್ಧಿ ಬಂತು, ರಕ್ತ ಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ 8.9. ಹೆಂಗಸರಿಗೆ 12 ಆದರೂ ಇರಬೇಕು. ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ನಾಲ್ಕಕ್ಕೆ ಏಳಿ ಅಂದಿದ್ದೆನಲ್ಲ! ಮೊದಲ ದಿನವೇ ಮಾಡಿಸಬೇಕಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ನುಂಗಬೇಕು, ಮಾತ್ರೆಯ ಜೊತೆಗಾಗಲಿ ಊಟದ ಬೆನ್ನಿಗಾಗಲಿ ಚಹಾ ಕುಡಿಯಬಾರದು ಅಂದರು. ಊಟ ಮುಗಿಯುವ ಮೊದಲೇ ಚಹಾಕ್ಕೆ ನೀರಿಡುವ ನಮ್ಮ ಕಡೆ ಇದು ಸಣ್ಣ ಪಥ್ಯ ಅಲ್ಲ.

ಅದರ ಜೊತೆಗೆ ಒಂದು ವಾರದ ದಿನಚರಿ ಬರೆದು ತರಲು ಹೇಳಿದ್ದೆ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದು ತಂದರು. ಓದಿದರೆ ಆಯಾಸ ಆಗುತ್ತಿತ್ತು. ಐದಕ್ಕೆ ಎದ್ದು ಕಸ, ನೀರು. ಆರಕ್ಕೆ ಹದಿನೆಂಟು ರೊಟ್ಟಿ. ಅತ್ತೆಗೆ ಸಕ್ಕರೆ ಕಾಯಿಲೆ, ಅವರ ಮಾತ್ರೆ, ಅವರ ನಾಷ್ಟಾ. ಒಂಬತ್ತನೇ ತರಗತಿ ಮಗಳ ಡಬ್ಬಿ, ಮಗನ ಡಬ್ಬಿ, ಗಂಡನ ಡಬ್ಬಿ. ಅವರ ಓಣಿಗೆ ನಳ ಬರುವುದು ಐದಾರು ದಿನಕ್ಕೊಮ್ಮೆ, ಅದೂ ಎಷ್ಟೊತ್ತಿಗೆ ಅಂತ ಗೊತ್ತಿಲ್ಲ. ನಳ ಬಂದರೆ ಉಳಿದದ್ದೆಲ್ಲ ಬಂದ್.

ಎಲ್ಲ ಇತ್ತು ಆ ಹಾಳೆಗಳಲ್ಲಿ. ಚಿತ್ರ ಮಾತ್ರ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಏನು ಮಾಡಿದಿರಿ ಅಂದೆ. ಅಲ್ಲಿ ‘ಬಿಡುವು’ ಅಂತ ಬರೆದಿತ್ತು. “ಅವತ್ತ ಎರಡು ಪುಟದ ಪೆನ್ಸಿಲ್ ಕೆಲಸ ಮುಗಿಸಿದೆ ರೀ” ಅಂದರು.

ಪಕ್ಕದ ಮನೆಯವರು ಏನು ಮಾಡಾಕತ್ತೀರಿ ಅಂತ ಕೇಳಿದರೆ ಏನು ಹೇಳ್ತೀರಿ?

“ಸುಮ್ನೆ ಕುಂತೀನ್ರಿ ಅಂತೀನಿ.”

ನನಗೆ ಅಲ್ಲಿಯೇ ಗಂಟು ಸಿಕ್ಕಿತು ಅನ್ನಿಸಿತು. ಮನೆಯವರು ಈಕೆಯ ಕೆಲಸವನ್ನು ಕೆಲಸ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ನಿಜ. ಆದರೆ ಈಕೆಯೇ ಹೇಳಿಲ್ಲವಲ್ಲ. ಬಣ್ಣ, ಕಾಗದ ಎಲ್ಲ ಟ್ರಂಕಿನಲ್ಲಿ. ಯಾರಾದರೂ ಬಂದರೆ ಹಾಳೆಗಳು ಹಾಸಿಗೆ ಕೆಳಗೆ. ಕಾಣದ ಕೆಲಸಕ್ಕೆ ಯಾರು ದಾರಿ ಬಿಡುತ್ತಾರೆ? ಹೀಗೆ ಮುಚ್ಚಿಡಲು ಕಾರಣವೂ ಇತ್ತು. ಹಿಂದಿನ ಪುಸ್ತಕಕ್ಕೆ ಪ್ರಕಾಶಕರು ಸಣ್ಣ ಮೊತ್ತ ಕೊಟ್ಟಿದ್ದರು, ಅದೂ ಒಂದು ವರ್ಷ ಅಲೆಸಿ. ಒಪ್ಪಂದ ಅಂತ ಕಾಗದದ ಮೇಲೆ ಏನೂ ಇರಲಿಲ್ಲ. ದುಡ್ಡು ಬರದ ಕೆಲಸವನ್ನು ಕೆಲಸ ಅನ್ನಲು ಅವರಿಗೇ ನಾಚಿಕೆ.

ಇಲ್ಲಿ ನಾನು ಆಪ್ತಸಲಹೆ ಬಿಟ್ಟು ಸ್ವಲ್ಪ ಆಚೆ ಹೋದೆ, ಹೋಗಲೇಬೇಕಿತ್ತು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬರೆದುಕೊಡುವುದಾದರೆ ಕಾಗದದ ಮೇಲೆ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಬರೆದಿಲ್ಲದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಬಾಯಿಮಾತಿನಲ್ಲಿ ‘ಎಲ್ಲಾ ಹಕ್ಕು ನಮ್ಮವು’ ಅಂದರೆ ಆಗಲ್ಲ. ಕಥೆಗೆ ಬೇರೆ, ಚಿತ್ರಕ್ಕೆ ಬೇರೆ ದುಡ್ಡು ಕೇಳಿ, ಪರಿಚಯದ ವಕೀಲರಿಗೆ ಒಪ್ಪಂದ ತೋರಿಸಿ ಅಂದೆ. ಅಕ್ಕ ಇದನ್ನು ಮಾತ್ರೆಗಿಂತ ಜಾಸ್ತಿ ಗಮನ ಕೊಟ್ಟು ಬರೆದುಕೊಂಡರು.

ಕಿನ್ನಾಳ ನೆನಪಾಯಿತು ನನಗೆ. ಮರದ ಗೊಂಬೆಗಳ ಆ ಊರು ಕೊಪ್ಪಳಕ್ಕೆ ಹತ್ತಿರವೇ ಇದೆ. ಅಲ್ಲಿ ಚಿತ್ರಗಾರರ ಮನೆಗಳಿಗೆ ಹೋದರೆ ಗೊಂಬೆಗಳು ಪಡಸಾಲೆಯಲ್ಲೇ ಇರುತ್ತವೆ. ಒಬ್ಬರು ಹುಣಸೆ ಬೀಜದ ಅಂಟು ಕಲಸುತ್ತಾರೆ, ಒಬ್ಬರು ಬಣ್ಣ ಹಚ್ಚುತ್ತಾರೆ, ಪಕ್ಕದಲ್ಲೇ ಕೂಸು ಮಲಗಿರುತ್ತದೆ. ಒಣಗಲು ಇಟ್ಟ ಗರುಡನನ್ನು ದಾಟಿಕೊಂಡು ಎಲ್ಲರೂ ಓಡಾಡುತ್ತಾರೆ, ಯಾರೂ ತುಳಿಯಲ್ಲ. ಕೆಲಸ ಕಣ್ಣ ಮುಂದೆ ಇದ್ದಾಗ ಮನೆ ಅದಕ್ಕೆ ತಕ್ಕಂತೆ ನಡೆಯುವುದು ಕಲಿಯುತ್ತದೆ. ಇದನ್ನು ಹೇಳಿದೆ. “ಅವರದು ಮನಿತನದ ಕೆಲಸ ರೀ, ನಂದು ನನ್ನೊಬ್ಬಾಕಿದು” ಅಂದರು ಅಕ್ಕ. ಅದೂ ಸರಿಯೇ. ನನ್ನ ಹೋಲಿಕೆ ಅರ್ಧಕ್ಕೇ ನಿಂತಿತು.

ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಅಂದೆ. ಮೊದಲು ಒಪ್ಪಲಿಲ್ಲವಂತೆ. ‘ಹುಚ್ಚರ ದವಾಖಾನಿಗೆ ನಾ ಯಾಕ ಬರ್ಲಿ’ ಅಂದರಂತೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಅಲ್ಲಿ ಪ್ರಯೋಗ ಮಾಡಿ ನೋಡಿದರು. ಅಂಥ ಸೀಮೆಯಲ್ಲಿ ಇವತ್ತಿಗೂ ಈ ಮಾತು ಹೋಗಿಲ್ಲ. ಇರಲಿ, ಕೊನೆಗೆ ಬಂದರು.

ಅವರದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಉಗುರಿನ ಸಂದಿಯಲ್ಲಿ ವಾರ್ನಿಷ್. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿದು, ಕರೆಂಟು ಏರಿಳಿದು ಮೋಟಾರು ಸುಡುತ್ತವೆ. ರೈತರು ಸಾಲುಗಟ್ಟಿ ನಿಲ್ಲುತ್ತಾರೆ. ಅವರ ದೂರನ್ನೂ ಕೇಳಿದೆ. ನಡುರಾತ್ರಿ ಲೈಟು ಹಾಕಿದರೆ ನಿದ್ದೆ ಇಲ್ಲ. ಹೆಂಡತಿ ಮನೆಯಲ್ಲಿದ್ದೂ ಇಲ್ಲದ ಹಾಗೆ, ಕರೆದರೆ ಹೂಂ ಅನ್ನಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು, ನಾನು ಅದನ್ನು ನಿರೀಕ್ಷಿಸಿರಲಿಲ್ಲ: “ಯಾವಾಗ ಮುಗೀತೈತಿ ಅಂತ ನನಗ ಯಾರ ಹೇಳ್ಯಾರ್ರೀ? ಗೊತ್ತಿದ್ರ ನಾನೂ ಹೊಂದಿಸ್ಕೊಂತಿದ್ದೆ. ನಮ್ಮ ಅಂಗಡ್ಯಾಗ ಮೋಟಾರು ಇಳಿಸಿದ ಕೂಡ್ಲೆ ತಾರೀಖು ಬರದು ಚೀಟಿ ಕೊಡ್ತೀವಿ.”

ಚೀಟಿ ಹೇಗಿರುತ್ತೆ ಅಂದೆ. ಜೇಬಿನಿಂದಲೇ ತೆಗೆದು ತೋರಿಸಿದರು. ಗುಲಾಬಿ ಬಣ್ಣದ ಪುಟ್ಟ ಪುಸ್ತಕ, ನಡುವೆ ಕಾರ್ಬನ್. ನಂಬರು, ಹೆಸರು, ಎಷ್ಟು ಎಚ್‌ಪಿ, ಕೊಡುವ ತಾರೀಖು, ಅಡ್ವಾನ್ಸು. ಅಂಥದ್ದೇ ಒಂದು ಹೊಸ ಪುಸ್ತಕ ಹೆಂಡತಿಗೆ ಕೊಡ್ತೀರಾ ಅಂತ ಕೇಳಿದೆ. ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಒಂದು ಪುಟದ ಚಿತ್ರಕ್ಕೆ ಒಂದು ಚೀಟಿ. ಒಂದು ಪ್ರತಿ ಅಡುಗೆಮನೆ ಕ್ಯಾಲೆಂಡರಿಗೆ ಚುಚ್ಚುವುದು, ಇನ್ನೊಂದು ಪುಸ್ತಕದಲ್ಲೇ. ಗಂಡ ದಿನಾ ನೋಡುವ ಭಾಷೆಯಲ್ಲಿ ಹೆಂಡತಿಯ ಕೆಲಸ ಬರೆಯುವುದು, ಅಷ್ಟೇ.

ಉಳಿದ ಸಲಹೆಗಳು ಆ ಭೇಟಿಯಲ್ಲೇ ಮೂವರೂ ಕುಳಿತು ಹೊಂದಿಸಿದ್ದು. ನೀರುಬಣ್ಣಕ್ಕೆ ನಮ್ಮೂರ ಬಿಸಿಲು ಆಗಿಬರಲ್ಲ. ದೊಡ್ಡ ಆಕಾಶಕ್ಕೆ ಬಣ್ಣ ಹರಡುವಾಗ ಕುಂಚ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿ ಗೆರೆ ಬೀಳುತ್ತದೆ, ಫ್ಯಾನು ಹಾಕಿದರಂತೂ ಮುಗಿದೇ ಹೋಯಿತು. ಹಾಗಾಗಿ ಬಣ್ಣದ ಕೆಲಸ ಬೆಳಗ್ಗೆ ಆರರಿಂದ ಏಳೂವರೆ, ಪೆನ್ಸಿಲ್ ಮತ್ತು ಬರವಣಿಗೆ ಮಧ್ಯಾಹ್ನ. ಆದರೆ ಆರಕ್ಕೆ ರೊಟ್ಟಿ ಇದೆಯಲ್ಲ? ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಖಡಕ್ ರೊಟ್ಟಿ, ರಾತ್ರಿ ಮಾತ್ರ ಬಿಸಿ ರೊಟ್ಟಿ ಅಂತ ನಾನು ಸೂಚಿಸಿದೆ. ಅತ್ತೆ ಒಪ್ಪುವುದಿಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಬೇರೆ ಯಾವುದರಲ್ಲೂ ಅವರದು ಅಂಥ ಒಮ್ಮತ ನಾನು ಕಂಡಿರಲಿಲ್ಲ. ಆದರೆ ಅತ್ತೆ ಓಣಿಯಲ್ಲೇ ಒಳ್ಳೇ ರೊಟ್ಟಿ ಬಡಿಯುವವರು, ಜಾತ್ರೆಯ ದಾಸೋಹಕ್ಕೆ ಪ್ರತಿ ವರ್ಷ ರೊಟ್ಟಿ ಕಟ್ಟಿ ಕಳಿಸುವವರು. ಗಂಡ ಹೋಗಿ ಕೇಳಿದಾಗ ಅತ್ತೆ ಅಂದಿದ್ದು: “ಅಜ್ಜನ ಮಠಕ್ಕ ನಡದ ರೊಟ್ಟಿ ಮನಿಗೆ ನಡಿಯಂಗಿಲ್ಲೇನು? ಆದ್ರ ಕೊಂಡ ತರಬ್ಯಾಡ, ನಾ ಬಡೀತೀನಿ.” ಕೇಳಬೇಕಾದವರು ಕೇಳಿರಲಿಲ್ಲ, ಅಷ್ಟೇ.

ಮಗನ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಐದು ವರ್ಷದ ಮಗುವಿಗೆ ಮುಗಿದ ಚಿತ್ರ, ಮುಗಿಯದ ಚಿತ್ರ ಅನ್ನುವ ಭೇದ ಇಲ್ಲ. ಕಾಗದ ಕಂಡರೆ ಬರೆಯುತ್ತದೆ. ಕೈಗೆ ಸಿಗದ ಹಾಗೆ ಕಪಾಟಿನ ಮೇಲೆ ರಟ್ಟಿನ ಫೋಲ್ಡರ್ ಇಡುವುದು ದೊಡ್ಡವರ ಕೆಲಸ. ಕ್ಷಮೆ ಕೇಳುವ ಮಾತನ್ನು ನನ್ನ ಕೋಣೆಯಲ್ಲೇ ಜೋರಾಗಿ ಹೇಳಿಸಿದೆ. “ನಾ ಹೊಡದದ್ದು ತಪ್ಪು. ನನಗ ಸಿಟ್ಟು ಬಂದಿತ್ತು. ಸಿಟ್ಟು ಬಂದ್ರೂ ಹೊಡೀಬಾರದಾಗಿತ್ತು.” ಇಷ್ಟು ಸಾಕು. ಆದರೆ ನೀನು ಯಾಕೆ ಹಾಗೆ ಮಾಡಿದೆ ಅಂತ ಕೊನೆಗೆ ಸೇರಿಸಬಾರದು. ಅಕ್ಕ ಮೂರು ಸಲವೂ ಸೇರಿಸಿದರು! ನಾಲ್ಕನೇ ಸಲಕ್ಕೆ ಬಿಟ್ಟರು.

ಹಾಗೇ ‘ಆಗಲ್ಲ’ ಅನ್ನುವುದನ್ನೂ ಅಭ್ಯಾಸ ಮಾಡಿಸಿದೆ. ಅಂಗನವಾಡಿ ಗೋಡೆಗೆ ಚಿತ್ರ, ಯಾರದೋ ಮದುವೆ ಕಾರ್ಡು, ಅರ್ಧಕ್ಕೆ ನಿಂತ ಕಾದಂಬರಿ, ಇನ್ನೊಬ್ಬರ ಪುಸ್ತಕದ ಮುಖಪುಟ, ಅದರ ಮೇಲೆ ಈ 24 ಪುಟ. ‘ನಿಮಗ ಚಿತ್ರ ಬರ್ತೈತಲ್ಲ, ಒಂದೀಟು ಬಿಡಿಸಿಕೊಡ್ರಿ’ ಅಂತ ಕೇಳುವವರಿಗೆ ಅದು ಒಂದೀಟಲ್ಲ ಅಂತ ಗೊತ್ತಿಲ್ಲ. ಐದರಲ್ಲಿ ಎರಡು ಉಳಿಸಿಕೊಳ್ಳಿ ಅಂದೆ. ಚಿತ್ರಪುಸ್ತಕ ಮತ್ತು ಕಾದಂಬರಿ ಉಳಿದವು. ಮದುವೆ ಕಾರ್ಡಿನವರು ಎರಡು ದಿನ ಮುಖ ತಿರುಗಿಸಿದರಂತೆ.

ಪ್ರಕಾಶಕರಿಗೆ ಹೊಸ ತಾರೀಖು ತಿಳಿಸಿ ಪತ್ರ ಬರೆಯಲಾಯಿತು, ಏಪ್ರಿಲ್ ಕೊನೆ. ಅವರು ಒಪ್ಪಿದರು. ಚೀಟಿಗಳು ಕ್ಯಾಲೆಂಡರಿಗೆ ಏರಿದವು. ಗಂಡ ಸಂಜೆ ಬಂದು ಮೊದಲು ಅದನ್ನೇ ನೋಡುತ್ತಾರಂತೆ, ‘ಹದಿಮೂರನೇ ನಂಬರ್ ಯಾಕ ಲೇಟು’ ಅಂತ ಕೇಳುತ್ತಾರಂತೆ. ಇದರಿಂದ ಅಕ್ಕನಿಗೆ ಖುಷಿಯೂ ಇದೆ, ಕಿರಿಕಿರಿಯೂ ಇದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಮತ್ತೆ ಬಂದಾಗ ಹೊಸ ದಿನಚರಿ ನೋಡಿದೆ. ಬೆಳಗಿನ ಒಂದೂವರೆ ತಾಸು ಚೆನ್ನಾಗಿ ನಡೆಯುತ್ತಿತ್ತು. ಹಾಗಾದರೆ ಆ ಹೊತ್ತಿನಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ, ನಳ ಬಂದರೆ ಯಾರು ಹಿಡಿಯುತ್ತಾರೆ ಅಂತ ಕೇಳಿದೆ. ಅಕ್ಕ ತುಸು ತಡೆದು, “ಮಗಳು” ಅಂದರು. ಹದಿನಾಲ್ಕರ ಹುಡುಗಿ. ಯಾರೂ ಹೇಳಿರಲಿಲ್ಲ, ತಾನೇ ಮಾಡಲು ಶುರು ಮಾಡಿದ್ದಳು. ಪರೀಕ್ಷೆಗೆ ಓದುವ ಬೆಳಗಿನ ಹೊತ್ತು ಕೊಡಪಾನ ಹಿಡಿದು ನಿಲ್ಲುವುದರಲ್ಲೇ ಹೋಗಿತ್ತು. ಗಂಡ, ಅತ್ತೆ, ಮಗ ಎಲ್ಲರ ಬಗ್ಗೆಯೂ ಕೇಳಿದ್ದ ನಾನು ಅವಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಮ್ಮನ ಹೊತ್ತು ಮಗಳ ಹೊತ್ತಿನಿಂದ ಕಿತ್ತುಕೊಂಡದ್ದಾಗಿತ್ತು.

ಗಂಡನಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಅಂಗಡಿ ತೆರೆಯುವುದು ಒಂಬತ್ತೂವರೆಗೆ. ನೀರು ಹಿಡಿಯುವುದು, ಪಾತ್ರೆ ತೊಳೆಯುವುದು ಅವರ ಚೀಟಿಗೆ ಬಂದವು. “ಓಣ್ಯಾಗ ಗಂಡಸ್ರು ಯಾರೂ ಕೊಡಪಾನ ಹಿಡಿಯಂಗಿಲ್ರಿ” ಅಂದರು. ನೀವು ಮೊದಲನೆಯವರಾಗಿ ಅಂದೆ. ಉತ್ತರ ಬರಲಿಲ್ಲ, ಆದರೆ ಫೋನೂ ಇಡಲಿಲ್ಲ.

ಮುಂದಿನ ಭೇಟಿಗೆ ಮಗಳನ್ನೂ ಕರೆತರಲು ಹೇಳಿದ್ದೇನೆ. ಬರುತ್ತಾಳೋ ಇಲ್ಲವೋ ನೋಡಬೇಕು. ಅಂದು ನಳ ಬರುವ ದಿನವಂತೆ.